ಫಲಕಕ್ಕೆ ಏರದ ಹೆಸರು

ಶೇಷಗಿರಿ ಬಾಗಿಲು ತೆರೆದಾಗ ಎದುರಿಗೆ ನಿಂತವನು ಉಪೇಂದ್ರ. ಎಂಟು ವರ್ಷಗಳಿಂದ ಇಬ್ಬರಿಗೂ ಮಾತಿರಲಿಲ್ಲ.

"ಯಾಕ ಬಂದಿ?"

"ಬೇಡೋಕೆ ಬಂದಿಲ್ಲ ಕಣಯ್ಯ. ನಾಳೆ ಮೀಟಿಂಗ್‌ನಲ್ಲಿ ನನ್ನ ಹೆಸರು ಬರತ್ತೆ. ನಂಬರ್ಸ್ ಇದ್ದ ಹಾಗೆ ಓದು, ಅಷ್ಟೇ."

"ನನಗ ಓದಲಿಕ್ಕೆ ಕಲಿಸಲಿಕ್ಕೆ ಬಂದಿಯೇನು?"

ಒಳಗಿನಿಂದ ಹೆಂಡತಿ ಅನಸೂಯ, "ಅವರನ್ನ ಒಳಗರೆ ಕರೀರಿ," ಎಂದಳು. ಶೇಷಗಿರಿ ಕರೆಯಲಿಲ್ಲ. ಉಪೇಂದ್ರ ಮೆಟ್ಟಿಲಿಳಿದು ಹೋದ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅಮೆರಿಕನ್ ಸೈನಿಕರೂ ಊರಿನವರೂ ಸೇರಿ ಕಟ್ಟಿದ ಬೇಸ್‌ಬಾಲ್ ಕ್ಲಬ್ಬದು. ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳುತ್ತಿದ್ದ ಶೇಷಗಿರಿ ಅಲ್ಲಿ ಸ್ಕೋರ್ ಬರೆಯುತ್ತಿದ್ದ. ಮೈಸೂರಿನಿಂದ ಬಂದ ಡಾಕ್ಟರ್ ಉಪೇಂದ್ರ ಚೆಂಡೆಸೆಯುತ್ತಿದ್ದ. ೧೯೬೭ರ ಒಂದು ಪಂದ್ಯದಲ್ಲಿ ಉಪೇಂದ್ರ ಚೆಂಡು ಕೈಬಿಟ್ಟದ್ದನ್ನು ಶೇಷಗಿರಿ ಅವನ ಹೆಸರಿನ ಮುಂದೆ ಆಟದ ತಪ್ಪೆಂದು ದಾಖಲಿಸಿದ. ಉಪೇಂದ್ರ ಎಲ್ಲರೆದುರು ಸ್ಕೋರ್ ಪುಸ್ತಕವನ್ನು ಕಿತ್ತು ಕೆಸರಿಗೆಸೆದು, "ಆಡೋಕೆ ಬರದವನು ಪೆನ್ಸಿಲ್ ಹಿಡೀತಾನೆ," ಎಂದ. ಜನ ನಕ್ಕರು. ಆ ನಗು ಶೇಷಗಿರಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಈಗ ಕ್ಲಬ್ಬು ಶ್ರೇಷ್ಠ ಆಟಗಾರರ ಹೆಸರು ಕೆತ್ತಿಡುವ ಅಮೆರಿಕದ ಹಾಲ್ ಆಫ್ ಫೇಮ್ ಮಾದರಿಯಲ್ಲಿ ತನ್ನದೇ ಗೌರವ ಫಲಕವೊಂದನ್ನು ಮಾಡಿಸಿತ್ತು. ಆಟ ಬಿಟ್ಟು ಐದು ವರ್ಷವಾದವರಲ್ಲಿ ಯೋಗ್ಯರನ್ನು ಆರಿಸಬೇಕು. ಸಮಿತಿಯ ಐವರಲ್ಲಿ ನಾಲ್ವರು ಒಪ್ಪಬೇಕು. ಶೇಷಗಿರಿಯೂ ಆ ಐವರಲ್ಲೊಬ್ಬ.

ಮರುದಿನ ಮಧ್ಯಾಹ್ನ ಸಭೆ ಸೇರಿತು. ಉಪೇಂದ್ರನ ಹೆಸರು ಬಂದಾಗ ಇಬ್ಬರು ಅಮೆರಿಕನ್ನರೂ ಕಾರ್ಯದರ್ಶಿ ಹೆಲ್ಗಾಳೂ ಕೈ ಎತ್ತಿದರು. ಅಧ್ಯಕ್ಷ ಬ್ರೆನ್ನರ್ ಎತ್ತಲಿಲ್ಲ.

ಹೆಲ್ಗಾ ಕೇಳಿದಳು: "ಪ್ರೊಫೆಸರ್ ಶೇಷಗಿರಿ, ನಿಮ್ಮ ಪುಸ್ತಕ ಏನು ಹೇಳುತ್ತದೆ?"

ಪುಸ್ತಕ ತೆರೆದೇ ಇತ್ತು. ಒಂಬತ್ತು ವರ್ಷ, ಎಂಬತ್ತೆರಡು ಪಂದ್ಯ, ಐವತ್ತೇಳು ಗೆಲುವು. ಉಪೇಂದ್ರನ ಹತ್ತಿರಕ್ಕೆ ಬರುವವರು ಯಾರೂ ಇರಲಿಲ್ಲ. ಶೇಷಗಿರಿ ಪುಸ್ತಕ ಮುಚ್ಚಿದ.

"ಸಾಲದು," ಎಂದ.

ಎದೆಯ ಮುಳ್ಳು ಕಿತ್ತಂತೆ ಹಾಯೆನಿಸಿತು. ಆದರೆ ಒಂದೇ ಕ್ಷಣ. ಬ್ರೆನ್ನರ್ ಮೇಜು ತಟ್ಟಿ ನಕ್ಕ: "ನೋಡಿದಿರಾ? ಅವನ ದೇಶದವನೇ ಬೇಡ ಅನ್ನುತ್ತಿದ್ದಾನೆ. ಇಲ್ಲದಿದ್ದರೆ ನಮ್ಮ ಫಲಕದ ಮೇಲೆ ಉಚ್ಚರಿಸಲಾಗದ ಹೆಸರೊಂದು ಕೂತಿರುತ್ತಿತ್ತು!"

ಶೇಷಗಿರಿಯ ಕಿವಿ ಕಾದವು. ತಾನು ಆಡಿದ್ದು ಸುಳ್ಳೆಂದು ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಹೇಳಿದರೆ ಹದಿನಾಲ್ಕು ವರ್ಷ ಬರೆದದ್ದನ್ನೆಲ್ಲ ಯಾರು ನಂಬುತ್ತಾರೆ? ಬಾಯಿ ಮುಚ್ಚಿಕೊಂಡ. ಮುಂದಿನ ಹೆಸರು ಬ್ರೆನ್ನರನ ಭಾವಮೈದುನನದು, ಗೆಲುವು ಹತ್ತೊಂಬತ್ತು. ಅವನಿಗೆ ನಾಲ್ಕು ಕೈಗಳು ಮೇಲೆದ್ದವು. ಶೇಷಗಿರಿಯ ಕೈ ಯಾರಿಗೂ ಬೇಕಾಗಲೇ ಇಲ್ಲ.

ಮನೆಯಲ್ಲಿ ವಿಷಯ ಕೇಳಿದ ಅನಸೂಯ, "ಪುಸ್ತಕ ಕೆಸರಿಗೆ ಒಗದಾವ ಅವ. ಹೊಲಸು ಮಾಡಿದವರು ನೀವು," ಎಂದು ಎದ್ದು ಹೋದಳು.

ಭಾನುವಾರ ಬೆಳಿಗ್ಗೆ ಶೇಷಗಿರಿ ಟ್ರಾಮ್ ಹಿಡಿದು ಉಪೇಂದ್ರನ ಮನೆಗೆ ಹೋಗಿ ಗಂಟೆ ಒತ್ತಿದ. ಉಪೇಂದ್ರ ಹೊಸ್ತಿಲಲ್ಲೇ ನಿಂತ.

"ನಂಬರ್ಸ್ ನಿನ್ನ ಕಡೆನ ಇದ್ದವು. ನಾ ಸುಳ್ಳು ಹೇಳೀನಿ. ಸಮಿತಿಗೆ ಕಾಗದ ಬರದು ರಾಜೀನಾಮೆ ಕೊಟ್ಟೇನಿ. ಆದ್ರ ನಿನ್ನ ಹೆಸರು ಇನ್ನ ಐದು ವರ್ಷ ತಗೊಳ್ಳೂದಿಲ್ಲಂತ, ನಿಯಮ ಅದ."

"ನೀನು ಸುಳ್ಳು ಹೇಳಿದ್ದು ಹೆಲ್ಗಾ ಅವತ್ತು ಫೋನ್ ಮಾಡಿದಾಗ್ಲೇ ತಿಳೀತು. ನನ್ನ ಗೆಲುವು ಎಷ್ಟು ಅಂತ ನನಗೆ ಗೊತ್ತಿಲ್ವೇನೋ?" ಉಪೇಂದ್ರನ ದನಿ ಏರಲಿಲ್ಲ. "ಕ್ಷಮಿಸ್ತೀನಿ ಅಂದ್ಕೊಂಡು ಬಂದ್ಯಾ?"

"ಇಲ್ಲ."

"ಸರಿ. ಹೊರಡು."

ಶೇಷಗಿರಿ ಗೇಟು ದಾಟುವವರೆಗೂ ಉಪೇಂದ್ರ ಬಾಗಿಲಲ್ಲೇ ನಿಂತಿದ್ದ, ಅಂಗಳಕ್ಕೆ ನುಗ್ಗಿದ ನಾಯಿ ನಿಜಕ್ಕೂ ಹೋಯಿತೇ ಎಂದು ನೋಡುವವನ ಹಾಗೆ.