ಡೋರೀನಳ ಹೆಸರಿನ ಸ್ಟೂಲು

ಅಲ್ಯೂಮಿನಿಯಂ ಹಾಳೆಗೆ ಅವಸರ ಒಗ್ಗದು. ಕೆಂಡದಂತೆ ಕಾದ ಪ್ರೆಸ್ಸಿನೊಳಗೆ ಗಾಳಿ ಊದಿದಷ್ಟೂ ಅದು ನಾದಿದ ಹಿಟ್ಟಿನ ಹಾಗೆ ಹಿಗ್ಗಿ, ಅಚ್ಚಿನ ಮೂಲೆಮೂಲೆಗೂ ಇಳಿದು, ವಿಮಾನದ ಬಾಗಿಲಿನ ಒಳಮೈಯಾಗಬೇಕು. ಅದಕ್ಕೆ ಮೂವತ್ತೆಂಟು ನಿಮಿಷ. ಆತುರಪಟ್ಟರೆ ಮೂಲೆಯಲ್ಲಿ ತೆಳುವಾಗಿ ಹರಿದುಹೋಗುತ್ತದೆ. ಬರ್ಮಿಂಗ್‌ಹ್ಯಾಮ್ ಹೊರವಲಯದ ಆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಡೋರೀನ್ ಪ್ರಾಸರ್ ಆ ಹೊತ್ತನ್ನು ಸ್ಟೂಲಿನ ಮೇಲೆ ಕೂತು, ಒತ್ತಡಮಾಪಕದ ಮುಳ್ಳು ಕಾಯುತ್ತ ಕಳೆದಿದ್ದಳು.

ಲೋಹಕ್ಕೆ ಕೊಟ್ಟ ವ್ಯವಧಾನವನ್ನು ಮನುಷ್ಯರಿಗೆ ಕೊಡಬಾರದೆಂದು ಹೊಸ ಮ್ಯಾನೇಜರ್ ರಸೆಲ್‌ಗೆ ಅನ್ನಿಸಿತು. ಕೂತವರು ದುಡಿಯುವುದಿಲ್ಲವೆಂದು ಸೋಮವಾರ ಸ್ಟೂಲುಗಳನ್ನೆಲ್ಲ ಎತ್ತಿಸಿದ. ಡೋರೀನಳ ಮಂಡಿ ಊದಿತು. ಡಾಕ್ಟರ ಚೀಟಿ ತಂದಳು. ಗುರುವಾರ ಒಂದೇ ಒಂದು ಸ್ಟೂಲು ಬಂತು, ಅವಳ ಹೆಸರು ಅಂಟಿಸಿಕೊಂಡು.

ಕೂತಳು. ಮಂಡಿಗೆ ಜೀವ ಬಂದಂತಾಯಿತು. ಪಕ್ಕದ ಪ್ರೆಸ್ಸಿನ ಕ್ಲೈವ್ ಟ್ರಾಂಟರ್, ಸೊಂಟಕ್ಕೆ ಪಟ್ಟಿ ಬಿಗಿದ ಅರವತ್ತರ ಆಳು, ಕಾಲು ಬದಲಿಸುತ್ತ ನಿಂತಿದ್ದ. ಒರಗೋಣವೆಂದರೆ ಎಲ್ಲ ಕಡೆ ಬಿಸಿ.

"ಮಹಾರಾಣಿಯೋರಿಗೆ ಟೀ ತರ್ಲಾ?" ಎಂದ.

"ಬಾಯ್ ಮುಚ್ಕೊಂಡು ಬಂದು ಕೂತ್ಕೋ, ಮುದ್ಕ."

"ಅದ್ರ ಮೇಲೆ ನನ್ ಹೆಸ್ರಿಲ್ವಲ್ಲ."

"ನಿನ್ ಸೊಂಟಕ್ಕೆ ಓದೋಕೆ ಬರತ್ತಾ?"

ಅವಳು ಎದ್ದಳು, ಅವನು ಕೂತು ಕಣ್ಣು ಮುಚ್ಚಿದ. ಅವಳು ಎರಡೂ ಪ್ರೆಸ್ಸಿನ ಮುಳ್ಳು ನೋಡುತ್ತ ನಿಂತಳು. ಹಾಳೆ ಒಳಗೆ ಹೋದ ಹದಿನಾರನೇ ನಿಮಿಷಕ್ಕೆ ರಸೆಲ್ ಬಂದ.

"ಡೋರೀನ್, ಇದು ನಿಮಗೆ ಮಾತ್ರ."

"ಇವನಿಗೂ ಒಂದು ಕೊಡು."

"ಇವತ್ತು ಇವರಿಗೆ ಕೊಟ್ರೆ ನಾಳೆ ಶಿಫ್ಟಿನ ಉಳಿದ ಹನ್ನೊಂದು ಜನಾನೂ ಕೇಳ್ತಾರೆ. ನೀವು ಕೂರಿ, ಇಲ್ಲಾ ವಾಪಸ್ ಕೊಡಿ."

ಕ್ಲೈವ್ ಎದ್ದು ನಿಂತ. "ನೀನೇ ಕೂತ್ಕೊಳ್ಳೇ ಮಾರಾಯ್ತಿ. ನನ್ನಿಂದ ನಿನ್ ಮಂಡಿ ಯಾಕೆ ಹಾಳಾಗ್ಬೇಕು."

ಕೂರಬಹುದಿತ್ತು. ಮೈಯೆಲ್ಲ ಕೂರು ಎನ್ನುತ್ತಿತ್ತು. ಆದರೆ ಅವಳಿಗೆ ಈಗ ಆ ಸ್ಟೂಲಿನ ಮರ್ಮ ತಿಳಿದಿತ್ತು: ಅದು ಮಂಡಿಗೆ ತೋರಿದ ಕರುಣೆಯಲ್ಲ, ಹನ್ನೊಂದು ಬಾಯಿಗೆ ಹಾಕಿದ ಬೀಗ. ತಾನು ಕೂತಷ್ಟು ದಿನವೂ ಅವರು ಚೀಟಿಯಿಲ್ಲದ ಮೈಗಳ್ಳರು.

ಸ್ಟೂಲನ್ನೆತ್ತಿ ರಸೆಲ್‌ನ ಕೈಗಿಟ್ಟಳು. "ಡಾಕ್ಟ್ರ ಚೀಟೀನೂ ನೀನೇ ಇಟ್ಕೋ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳಿಗೂ ಗೆದ್ದೆ ಅನ್ನಿಸಲಿಲ್ಲ, ಮಂಡಿ ಸಿಡಿಯುತ್ತಿತ್ತು ಅಷ್ಟೆ. ಕ್ಲೈವ್ ಅವಳ ಪಕ್ಕಕ್ಕೆ ಬಂದು ಒರಗಲು ಹೆಗಲು ಕೊಟ್ಟ. ಹಾಳೆ ಅಚ್ಚಿಗಿಳಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.