ಸೆರಾಫಿನ್ ಮಾಮಿಗೆ ಮುಂಬಾಗಿಲು

ಕಾರವಾರದ ಬಳಿಯ ಚೆಂಡಿಯಾ ಊರಿನ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಒಂದು ಶಿಲುಬೆಯಿತ್ತು. ಸಂಜೆಯ ಜಪಸರ ಮುಗಿದ ಮೇಲೆ ಅಜ್ಜಿ ಕಾರ್ಮಿನ್ ಅದರ ಬುಡದಲ್ಲಿ ಕೂತು ಮಕ್ಕಳಾದ ನಮಗೆ ಅಂತಿಮ ತೀರ್ಪಿನ ಕಥೆ ಹೇಳುತ್ತಿದ್ದಳು. ಕರ್ತನು ಒಳ್ಳೆಯವರನ್ನು ಬಲಕ್ಕೆ, ಕೆಟ್ಟವರನ್ನು ಎಡಕ್ಕೆ ನಿಲ್ಲಿಸುತ್ತಾನಂತೆ. ಕೇಳಿದ್ದೇ ತಡ, ನಾವೆಲ್ಲ ಅಜ್ಜಿಯ ಬಲಮಗ್ಗುಲಿಗೆ ನುಗ್ಗುತ್ತಿದ್ದೆವು. "ಜಗಳ ಸಾಕು, ಗಂಜಿ ತಣ್ಣಗಾಗ್ತದೆ, ಬನ್ನಿ" ಎಂದು ಅಜ್ಜಿಯ ಸೊಸೆ ಸೆರಾಫಿನ್ ಮಾಮಿ ಒಳಗಿನಿಂದ ನಗುತ್ತ ಕರೆಯುತ್ತಿದ್ದಳು. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಾವಿನಮಿಡಿ. ಬಲೆ ಎಳೆದು ಬಂದವರಿಗೂ ದಾರಿಹೋಕರಿಗೂ ಅವಳ ಪಾತ್ರೆಯಲ್ಲಿ ಪಾಲಿತ್ತು. ಆ ರುಚಿ ಈಗಲೂ ನನ್ನ ನಾಲಿಗೆಯ ಮೇಲಿದೆ.

ಆ ಜಾಗ ನೌಕಾನೆಲೆಗೆ ಹೋಯಿತು. ನಾವು ಅಂಕೋಲೆಯ ಕಡೆ, ಬೆಳಂಬಾರದ ಹತ್ತಿರ ಮನೆ ಮಾಡಿದೆವು. ಕೆಲವು ವರ್ಷಗಳ ಹಿಂದೆ ಮಾವನ ದೋಣಿ ಸಮುದ್ರದಲ್ಲಿ ಮಗುಚಿತು; ಅವನ ಹೆಣವೂ ಸಿಗಲಿಲ್ಲ. ಅಂದಿನಿಂದ ಮಾಮಿ ಮಾತು ಬಿಟ್ಟಳು. ಬೆಂಕಿಯಿಲ್ಲದ ಒಲೆಯ ಮುಂದೆ ಕೂತೇ ಇರುತ್ತಿದ್ದಳು. ಮನಸ್ಸಿನ ಕಾಯಿಲೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಆದರೆ ನಮ್ಮವರಲ್ಲಿ ಹಿರಿಯನಾದ ಇನಾಸ್ ಬಂದು, "ನಂಬಿಕೆ ಕಮ್ಮಿಯಾದ್ರೆ ಹೀಗೇ. ದೇವ್ರ ಶಿಕ್ಷೆಗೆ ಮಾತ್ರೆ ಉಂಟನಾ?" ಎಂದ. ಅಜ್ಜಿಯೂ ತಲೆಯಾಡಿಸಿದಳು. ಮಾತ್ರೆ ನಿಂತು ಉಪವಾಸ ಶುರುವಾಯಿತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಾಮಿ ತನ್ನ ಪ್ರಾಣ ತಾನೇ ಕಳೆದುಕೊಂಡಳು.

ಸ್ಮಶಾನದ ಮುಂಬಾಗಿಲಲ್ಲಿ ಇನಾಸ್ ಶವಪೆಟ್ಟಿಗೆಗೆ ಅಡ್ಡ ನಿಂತ. "ಜೀವ ತಕ್ಕೊಂಡವ್ರು ಇಲ್ಲಿಂದ ಹೋಗೂದಿಲ್ಲ. ಸಾವಿನ ಗಂಟೆಯೂ ಇಲ್ಲ. ಹಿಂಬದಿ ಮೂಲೆಗೆ ಒಯ್ಯಿ. ಅಜ್ಜನ ಕಾಲದಿಂದ ನಡ್ಕೊಂಡು ಬಂದದ್ದು."

"ಇಗರ್ಜಿಯೇ ಬಿಟ್ಟ ಕಟ್ಟಳೆ ಅದು, ಇನಾಸ್. ಇವಳು ಸತ್ತದ್ದು ಕಾಯಿಲೆಯಿಂದ" ಎಂದರು ಚರ್ಚಿನ ಪಾದ್ರಿಗಳು.

"ನೀವು ನಾಳೆ ವರ್ಗವಾಗಿ ಹೋಗ್ತೀರಿ, ಫಾದರ್. ಇಲ್ಲಿರೂದು ನಾವು. ದೇವ್ರ ತೀರ್ಪು ಬದಲಾಗೂದಿಲ್ಲ."

ಆಗ ಅಜ್ಜಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ತೀರ್ಪು ಕೊಡೂದು ಯಾರು, ನೀನನಾ? ಆ ದಿನ ಕರ್ತ ಕೇಳೂದೆಂತ? ಹಸಿದವ್ರಿಗೆ ಉಣ್ಣೂಕೆ ಕೊಟ್ಯಾ, ಕಾಯಿಲೆಯವ್ರನ್ನ ನೋಡ್ಕೊಂಡ್ಯಾ ಅಂತ. ನಿನ್ನ ಹೆಂಡತಿ ಬಾಣಂತನದಲ್ಲಿ ಇವಳೇ ಬೇಯ್ಸಿ ಹಾಕಿದ್ದು. ಇವಳು ಕಾಯಿಲೆ ಬಿದ್ದಾಗ ನಾವೆಂತ ಮಾಡಿದ್ವು? ಮಾತ್ರೆ ಕಸ್ಕೊಂಡ್ವು. ನಾನೂ ಕಸ್ಕೊಂಡೆ. ಆ ದಿನ ಉತ್ತರ ಹೇಳಬೇಕಾದವ್ರು ನಾನು, ನೀನು. ಇವಳಲ್ಲ." ಅಜ್ಜಿ ಗುಂಡಿ ತೋಡುವವರ ಕಡೆ ತಿರುಗಿದಳು. "ಹಿಂದೆ ಒಯ್ಯೂದಾದ್ರೆ ನನ್ನ ಗುಂಡೀನೂ ಅಲ್ಲೇ ತೋಡಿ."

ಆಮೇಲೆ ಗುಂಪಿನೊಳಗಿಂದ ಇನಾಸನ ಹೆಂಡತಿ ಮುಂದೆ ಬಂದು ಪೆಟ್ಟಿಗೆಯ ಒಂದು ಮೂಲೆ ಹಿಡಿದಳು. ಗಂಡನ ಮುಖ ನೋಡದೆ, "ಬಾಗಿಲು ಬಿಡಿ" ಎಂದಳು.

ಇನಾಸ್ ಸರಿದು ನಿಂತ. ಗಂಟೆ ಮಾತ್ರ ಬಾರಿಸಗೊಡಲಿಲ್ಲ. ಹೆಂಗಸರೇ ಹಾಡು ಎತ್ತಿಕೊಂಡರು. ಮಾವನ ಹೆಸರಿನ ಕಲ್ಲಿನ ಪಕ್ಕದಲ್ಲೇ ಮಾಮಿಯನ್ನು ಮಣ್ಣು ಮಾಡಿದೆವು.

ಈಗ ನೆರೆಮನೆಯ ಹುಡುಗಿಯೊಬ್ಬಳು ಹಾಗೆಯೇ ಮಾತು ಬಿಟ್ಟು ಕೂತಿದ್ದಾಳೆ. ಅಜ್ಜಿ ಅವಳ ಕೈ ಹಿಡಿದು ಪ್ರತಿ ತಿಂಗಳು ಕಾರವಾರದ ಬಸ್ಸು ಹತ್ತುತ್ತಾಳೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಾಳೆ: "ಮನಸ್ಸಿನ ಡಾಕ್ಟರ ಹತ್ರ."