ಹಂದರದ ಗುಣಿಗೆ ಮೊದಲ ಮಣ್ಣು

ಹೊಳೆಗೆ ಬಿಟ್ಟು ಬರುತ್ತೇನೆಂದು ಬೆಳಿಗ್ಗೆ ಕೂಡಲಸಂಗಮದ ಬಸ್ಸು ಹತ್ತಿದ್ದ ಅಮಸಿದ್ದಪ್ಪ, ಹೊತ್ತು ಇಳಿಯುವಾಗ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಗುಡೂರಿಗೆ ವಾಪಸು ಬಂದ. ಚೀಲದ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಜೋಳ ಹಸನು ಮಾಡುತ್ತಿದ್ದ ಸೋಮವ್ವ ಮೊರ ಕೆಳಗಿಟ್ಟು ಗಂಡನ ಮುಖ ನೋಡಿದಳು.

"ಯಾಕ, ಬಿಡಲಿಲ್ಲೇನು?"

"ಬಿಟ್ಟಿದ್ದೆ. ಮುಳುಗಲಿಲ್ಲ ಅವು. ತೇಲಿಕೋತ ಮತ್ತ ನನ್ನ ಕಾಲಹಂತ್ಯಾಕ ಬಂದ್ವು. ಅಲ್ಲೊಬ್ಬಾಕಿ ಅರಿವಿ ಒಗಿಯಾಕಿ, 'ಯಾರ ಲಗ್ನರಿ ಯಜ್ಜಾ' ಅಂತ ಕೇಳಿದ್ಲು. ಏನಂತ ಹೇಳ್ಲಿ? ಎಲ್ಲಾ ಆರಿಸ್ಕೊಂಡು ಬಂದೆ."

ಚೀಲದಲ್ಲಿದ್ದವು ಮಗ ಮಹಾಂತೇಶನ ಲಗ್ನದ ಕಾರ್ಡುಗಳು. ಎರಡು ವರ್ಷದ ಹಿಂದೆ ಅವನ್ನು ಹಂಚಲೆಂದೇ ಬೈಕು ಹತ್ತಿ ಮರೋಳದ ಕಡೆ ಹೋಗಿದ್ದ ಹುಡುಗ ತಿರುಗಿ ಬರಲಿಲ್ಲ. ಲಾರಿ ಬಡಿದಿತ್ತು. ಮೊದಲು ಹೆಣ ಬಂತು. ಹಿಂದೆಯೇ ಯಾರೋ ಪುಣ್ಯಾತ್ಮರು ರಸ್ತೆಯ ಮೇಲೆ ಚೆಲ್ಲಾಡಿದ್ದ ಕಾರ್ಡುಗಳನ್ನೂ ಆರಿಸಿ ತಂದುಕೊಟ್ಟರು. ಅಂದಿನಿಂದ ಆ ಗಂಟು ಗೋಡೆಯ ನಾಗೊಂದಿಗೆಯ ಮೇಲೇ ಕುಳಿತಿತ್ತು. ಎಸೆಯೋಣವೆಂದರೆ ಮೇಲುಗಡೆ ಮನೆದೇವರು ಬೀರಪ್ಪನ ಹೆಸರಿದೆ, ನಾಲ್ಕೂ ಮೂಲೆಗೆ ಸೋಮವ್ವ ಕೈಯಾರೆ ಹಚ್ಚಿದ ಅರಿಷಿಣವಿದೆ. ಕಸದ ಗಾಡಿಗೆ ಹಾಕಿದರೆ ಕಂಡಕಂಡವರ ಕಾಲಡಿ ಬಿದ್ದೀತು. ಹೆತ್ತ ಕರುಳು ಅದನ್ನು ತಾಳೀತೇ?

ಈಗ ಮಗಳು ಜಯಶ್ರೀಯ ಲಗ್ನ ಗೊತ್ತಾಗಿತ್ತು. ಸುಗ್ಗಿ ಮುಗಿದ ಮೇಲೆ ಅಕ್ಕಿಕಾಳು ಹಾಕುವ ಮುಹೂರ್ತ. ಅಮಸಿದ್ದಪ್ಪನ ತಂಗಿ ಯಲ್ಲವ್ವ ಬಂದವಳು ನಾಗೊಂದಿಗೆಯ ಕಡೆ ಕಣ್ಣು ಹಾಯಿಸಿ, "ಆ ಗಂಟ ಮನ್ಯಾಗ ಇಟ್ಕೊಂಡು ಹುಡುಗಿಗೆ ಅರಿಷಿಣ ಹಚ್ಚಬ್ಯಾಡ್ರಿ ನಮ್ಮವ್ವಾ" ಎಂದು ಕಡ್ಡಿ ಮುರಿದಂತೆ ಹೇಳಿ ಹೋಗಿದ್ದಳು. ಅದಕ್ಕೇ ಹೊಳೆಯ ದಾರಿ. ಈಗ ಹೊಳೆಯೂ ಒಲ್ಲೆ ಅಂದಿತ್ತು.

"ಸುಟ್ಟು ಬಿಡೂಣೇನು?" ಸೋಮವ್ವ ಅಳುಕುತ್ತಲೇ ಕೇಳಿದಳು.

"ನಮ್ಮಾಗ ಯಾರನ್ನ ಸುಟ್ಟಾರ? ಮಣ್ಣ ಕೊಡ್ತೀವಿ."

ಜಯಶ್ರೀ ಇಳಕಲ್ಲ ರಸ್ತೆಯ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದಳು. ಹಿತ್ತಲಿನಲ್ಲಿ ಒಂದಿಷ್ಟು ಬದನೆ, ಮೆಂತ್ಯೆ, ಚವಳಿ ಮಾಡಿಕೊಂಡಿದ್ದಳು. ಅದರ ಗೊಬ್ಬರಕ್ಕೆ ಹಳೇ ಪೇಪರು, ರದ್ದಿ, ಸಕ್ಕರೆ ಪೊಟ್ಟಣ ಎಲ್ಲವನ್ನೂ ನೆನೆಸಿ ಹರಿದು ಕುರಿಹಿಕ್ಕೆಯ ಜೊತೆ ಗುಂಡಿಗೆ ಹಾಕುತ್ತಿದ್ದಳು. ಬಾಗಿಲಿಗೆ ಆತು ನಿಂತಿದ್ದವಳು ಮೆಲ್ಲಗೆ ಅಂದಳು: "ಅವ್ವಾ, ನನ್ನ ಗುಂಡ್ಯಾಗ ಹಾಕೂಣು. ಸುಗ್ಗಿ ಅನ್ನೂದ್ರಾಗ ಮಣ್ಣ ಆಗ್ತಾವ."

ಸೋಮವ್ವನಿಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿ ಐತೆಂತ ಏನರ ಮಾತಾಡಬ್ಯಾಡ! ಬೀರಪ್ಪನ ಹೆಸರು ತಿಪ್ಪಿಗೆ ಹಾಕ್ತೀಯೇನ? ನಿಮ್ಮಣ್ಣನ್ನ ತಿಪ್ಪಿಗೆ ಹಾಕ್ತೀಯೇನ?"

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಮಸಿದ್ದಪ್ಪ ಒದ್ದೆ ಚೀಲವನ್ನು ಹೆಗಲಿನಿಂದ ನೆಲಕ್ಕಿಳಿಸಿದ. ಆಮೇಲೆ, "ಬೀರಪ್ಪ ಎಲ್ಲಿ ಬೆಳದಾನ? ಕುರಿ ಹಟ್ಟ್ಯಾಗ. ಹಿಕ್ಕಿ ಅವಗ ಮೈಲಿಗಿ ಅಕ್ಕೈತೇನು?" ಅಂದ. ಸೋಮವ್ವ ಮತ್ತೆ ಮೊರ ಕೈಗೆತ್ತಿಕೊಂಡಳು.

ಮರುದಿನ ಮೂವರೂ ಗುಂಡಿಯ ದಂಡೆಗೆ ಕುಳಿತರು. ಜಯಶ್ರೀ ಒಂದು ಕಾರ್ಡು ತಿರುವಿ ನೋಡಿ, "ಪ್ಲಾಸ್ಟಿಕ್ ಹಚ್ಚಿದ ಥಳಥಳ ಹೊಳಿಯೂ ಕಾರ್ಡ್ ಆಗಿದ್ರ ಕೊಳೀತಿದ್ದಿಲ್ಲ. ಇವು ಸಾದಾ ಅದಾವ, ಚಲೋ ಆತು" ಅಂದಳು. ಅಮಸಿದ್ದಪ್ಪನ ಕೈ ಅಲ್ಲೇ ನಿಂತಿತು. ಹೊಳೆಯುವ ಕಾರ್ಡೇ ಬೇಕೆಂದು ಮಗ ಹಟ ಹಿಡಿದಿದ್ದ. ಒಂದು ದಿನ ನೋಡಿ ಮೂಲೆಗೆ ಒಗೆಯುವುದಕ್ಕೆ ಇಷ್ಟ್ಯಾಕ ಬಡಿವಾರ ಎಂದು ಅಪ್ಪ ಬೈದಿದ್ದ.

"ಹೊಳಿಯೂದ ಬೇಕಂದಿತ್ತು ಕೂಸು. ಕೊಡಸಲಿಲ್ಲ ನಾ" ಎಂದು ಹೇಳಿ, ಅಷ್ಟು ದೊಡ್ಡ ಗಂಡಸು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಹರಿಯಲು ಶುರುಮಾಡುವಾಗ ಅವನೇ ಮತ್ತೆ ತಡೆದ. "ತಡೀರಿ. ಆ ಹುಡುಗಿ ಹೆಸರು ಯಾವ ಸಾಲಿನ್ಯಾಗ ಐತಿ? ಅದನ್ನ ಬ್ಯಾರೆ ತಗೀರಿ. ಬದುಕಿದಾಕಿ ಹೆಸರು ಮಣ್ಣಾಗ ಹಾಕಬಾರದು."

ಆ ಹುಡುಗಿ ಅಂಜನಾ, ಹುನಗುಂದದವಳು. ಹೋದ ವರ್ಷ ಬಾದಾಮಿಗೆ ಕೊಟ್ಟಿದ್ದರು, ಈಗ ಕೈಯಲ್ಲಿ ಕೂಸಿತ್ತು. ಅಕ್ಷರ ಬಾರದ ಅಮಸಿದ್ದಪ್ಪ ಮಗಳು ತೋರಿಸಿದ ಸಾಲನ್ನೇ ನಂಬಿ, ಪ್ರತಿ ಕಾರ್ಡಿನಿಂದ ಅಂಜನಾಳ ಹೆಸರನ್ನು ಉಗುರಿನಿಂದ ಗೆರೆ ಕೊರೆದು ಬಿಡಿಸಿದ. ಆ ಚೂರುಗಳನ್ನು ಬೇರೆ ಗಂಟು ಕಟ್ಟಿ, ಮತ್ತೊಂದು ದಿನ ಹೊಳೆಗೆ ಬಿಟ್ಟು ಬಂದ. ಅವು ಸಣ್ಣವು, ಸುಮ್ಮನೆ ಹರಿದು ಹೋದವಂತೆ.

ಉಳಿದದ್ದೆಲ್ಲ ಗುಂಡಿಗಿಳಿಯಿತು. ಒಂದು ಪದರ ಕಾಗದ, ಒಂದು ಪದರ ಹಿಕ್ಕೆ, ಮೇಲೆ ಬೇವಿನ ಎಲೆ. ಮೊದಲ ಬುಟ್ಟಿ ಹಿಕ್ಕೆ ಸುರಿಯಲು ಸೋಮವ್ವನ ಕೈ ಬರಲಿಲ್ಲ. ಆದರೆ ಕಡೆಗೆ ಅವಳೇ ಅಂದಳು: "ಬಿಸಲು ಭಾಳ ಐತಿ, ಒಂಚೂರು ನೀರು ಚಿಮುಕಸ ಜಯಾ. ಅವಗ ಬಿಸಲು ತಡಿಯೂದಿಲ್ಲ."

ವಾರ ಕಳೆದಿರಬೇಕು. ಬದನೆಕಾಯಿ ಹರಿಯಲು ಹೋದ ಸೋಮವ್ವ ಯಾಕೋ ಗುಂಡಿಯೊಳಗೆ ಕೈ ಇಟ್ಟಳು. ಹೌಹಾರಿ ತೆಗೆದಳು. ಒಳಗೆ ಬಿಸಿಯಿತ್ತು!

"ಜಯಾ, ಬಾ ಇಲ್ಲೆ! ಮೈ ಸುಡಾಕತ್ತೈತಿ!"

"ಕೊಳಿಯೂ ಮುಂದ ಕಾವು ಬರ್ತೈತಿ ಅವ್ವಾ. ಚಲೋನ ಅದು."

ಚಲೋದೋ ಕೆಟ್ಟದ್ದೋ, ಅವಳಿಗೆ ಬೇಕಾಗಿರಲಿಲ್ಲ. ಆ ದಿನ ಮಗನ ಮೈ ಮುಟ್ಟಿದಾಗ ಕಲ್ಲಿನಂತೆ ತಣ್ಣಗಿತ್ತು. ಆ ತಣುಪು ಎರಡು ವರ್ಷವಾದರೂ ಅವಳ ಅಂಗೈ ಬಿಟ್ಟಿರಲಿಲ್ಲ. ಇನ್ನು ಶುರುವಾಯಿತು ನೋಡಿ ಅವಳ ಪರಿಪಾಠ! ಮುಖ ತೊಳೆಯುವ ಮೊದಲು ಹಿತ್ತಲಿಗೆ ಹೋಗಿ, ಜ್ವರ ಬಂದ ಕೂಸಿನ ಹಣೆ ನೋಡುವಂತೆ ಗುಂಡಿಯೊಳಗೆ ಕೈ ಇಡುವುದು, ಸ್ವಲ್ಪ ಹೊತ್ತು ಕೂಡುವುದು, ಊರಿನ ಸುದ್ದಿ ಹೇಳುವುದು. ನೆರೆಯವರು ನೋಡಿ ನಕ್ಕರು. ನಗಲಿ ಬಿಡಿ, ನಕ್ಕವರ ಹಲ್ಲು ಕಾಣುತ್ತವೆ ಅಷ್ಟೇ.

ಶೀಗಿಹುಣ್ಣಿಮೆಯ ಹೊತ್ತಿಗೆ ಒಂದು ಬೆಳಿಗ್ಗೆ ಗುಂಡಿ ತಣ್ಣಗಿತ್ತು. ಸೋಮವ್ವ ಮೊಳಕೈತನಕ ಕೈ ಇಳಿಸಿ ಹುಡುಕಿದಳು. ಎಲ್ಲಿಯೂ ಕಾವಿರಲಿಲ್ಲ. ಕಾಗದವೂ ಇರಲಿಲ್ಲ. ಮುಷ್ಟಿಯಲ್ಲಿ ಬಂದದ್ದು ಕರಿ ಮಣ್ಣು, ಮೊದಲ ಮಳೆಯ ವಾಸನೆಯದು. ಮಗ ಹೋದ ದಿನ ಬಾರದ ಅಳು ಅವಳಿಗೆ ಅಂದು ಬಂತು.

"ಗೊಬ್ಬರ ಆತು" ಎಂದು ಜಯಶ್ರೀ ಪಕ್ಕಕ್ಕೆ ಕುಳಿತು ಹೇಳಿದಳು. ಅದನ್ನು ಬದನೆಗೆ ಹಾಕೋಣವೇ ಎಂದು ಯಾರೂ ಕೇಳಲಿಲ್ಲ. ಅಲ್ಲೇ ಗೋಣಿತಟ್ಟು ಮುಚ್ಚಿಟ್ಟರು.

ಲಗ್ನದ ಹಂದರ ಹಾಕುವ ದಿನ ಬಂತು. ಹಂದರಗಂಬದ ಗುಣಿ ತೋಡಿ, ಹಾಲು ಎರೆದು, ಕಂಬ ನಿಲ್ಲಿಸಿದರು. ಮದುಮಗಳ ಅಣ್ಣನೋ ತಮ್ಮನೋ ಗುಣಿಗೆ ಮೊದಲ ಮಣ್ಣು ಹಾಕುವುದು ಅವರ ಮನೆತನದ ಪದ್ಧತಿ. ಜಯಶ್ರೀ ತಲೆ ತಗ್ಗಿಸಿದಳು.

"ನಮ್ಮ ರಾಜಕುಮಾರ ಹಾಕ್ತಾನ ಬಿಡ್ರಿ. ಅವನೂ ಅಣ್ಣ ಅಲ್ಲೇನು?" ಎಂದು ಯಲ್ಲವ್ವ ತನ್ನ ಮಗನನ್ನು ಮುಂದೆ ನೂಕಿದಳು. ರಾಜಕುಮಾರ ಬಗ್ಗಿ ಒಂದು ಹಿಡಿ ಮಣ್ಣು ತೆಗೆದ.

"ತಡೀಲೇ" ಅಂದ ಅಮಸಿದ್ದಪ್ಪ. ಹಿತ್ತಲಿಗೆ ಹೋದವನು ಬುಟ್ಟಿ ತುಂಬ ಆ ಕರಿ ಮಣ್ಣು ತಂದು, ಯಾರಿಗೂ ಏನೂ ಹೇಳದೆ, ಕಂಬದ ಬುಡಕ್ಕೆ ಸುರಿದ.

"ಏನಣ್ಣಾ, ಹಂದರಗಂಬಕ್ಕ ಗೊಬ್ಬರ! ಚಿಗರತೈತೇನು?" ಯಲ್ಲವ್ವ ಅಂದಳು. ನೆರೆದವರು ನಕ್ಕರು. ಜಯಶ್ರೀ ತಲೆ ಎತ್ತಿ ಅಪ್ಪನನ್ನು ನೋಡಿದಳು. ರಾಜಕುಮಾರ ತನ್ನ ಹಿಡಿ ಮಣ್ಣನ್ನು ಅದರ ಮೇಲೆ ಹಾಕಿದ.

"ತುಳೀರಿ ವೈನಿ, ಗಟ್ಟಿ ಆಗ್ಲಿ" ಎಂದಳು ಯಲ್ಲವ್ವ.

ಸೋಮವ್ವ ಕಾಲೆತ್ತಿದಳು. ಎತ್ತಿದ ಕಾಲು ಹಿಂದಕ್ಕಿಟ್ಟು, ಹೊಸ ಸೀರೆಯಲ್ಲೇ ಗುಣಿಯ ಪಕ್ಕ ಮೊಳಕಾಲೂರಿ, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತತೊಡಗಿದಳು.